ಹುಳುವಿನ ಕೋಣೆಯ ಗಾಳಿ

ನಮ್ಮ ಮನೆಯಲ್ಲಿ ರೇಷ್ಮೆ ಹುಳು ಇದ್ದಷ್ಟು ದಿನ ಒಗ್ಗರಣೆ ಇರುತ್ತಿರಲಿಲ್ಲ. ಊದುಬತ್ತಿಯೂ ಇಲ್ಲ. ಬೀಡಿ ಸೇದುವ ನೆಂಟರು ಬಂದರೆ ಅಮ್ಮ ಬೇವಿನ ಮರದಡಿ ಕೂರಿಸಿ, ಕಾಫಿ ಕೊಟ್ಟು ಸಾಗಹಾಕುತ್ತಿದ್ದಳು. ಶಿಡ್ಲಘಟ್ಟದ ಸುತ್ತ ಹುಳು ಸಾಕುವವರೆಲ್ಲ ಹೀಗೇ. ಹೊಗೆ ತಾಗಿದರೆ ಹುಳು ಮೇವು ಬಿಡುತ್ತದೆ. ಒಗ್ಗರಣೆ ಕಾಣದ ಆ ಬಸ್ಸಾರನ್ನು ಗೊಣಗಿಕೊಂಡೇ ಉಣ್ಣುತ್ತಿದ್ದೆ. ಈಗ ಅದೇ ಬೇಕೆನಿಸುತ್ತದೆ.

ಊರಾಚೆ ಸೌದೆ, ಹೊಟ್ಟು ಸುಟ್ಟು ಕರೆಂಟು ಮಾಡುವ ಘಟಕ ಬಂದಾಗ ನಾವೆಲ್ಲ ಕುಣಿದಿದ್ದೆವು. ಆಮೇಲೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬೂದಿ ಕೂರತೊಡಗಿತು. ಒಂದು ಬೆಳೆಯ ಹುಳುವೆಲ್ಲ ಮೇವು ಮುಟ್ಟದೆ ಸತ್ತವು. ಅಪ್ಪ ಅವತ್ತೇ ಹುಳುವಿನ ಕೋಣೆಯ ಕಿಟಕಿಗಳಿಗೆ ಒದ್ದೆ ಗೋಣಿಚೀಲ ಕಟ್ಟಿ, ಸಂದುಗಳಿಗೆ ಬಟ್ಟೆ ತುರುಕಿದ. ಅಮ್ಮ ದಿನವೂ ಅಂಗಳದಲ್ಲಿ ಕೂತು ಸೊಪ್ಪು ಕೊಡವಿ, ತೊಳೆದು, ನೀರಾರಿಸಿ ಹಾಕಿದಳು. ಕೊಡವಿದ ಬೂದಿ ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. ಹುಳು ಉಳಿಯಿತು. ಅಮ್ಮನಿಗೆ ಕೆಮ್ಮು ಹತ್ತಿತು. ಶೀತ ಅಂದುಕೊಂಡು ಮೆಣಸಿನ ಕಷಾಯ ಕುಡಿಸಿದೆವು, ಬುದ್ಧಿವಂತರು.

ಉಬ್ಬಸ ಶುರುವಾದ ಮೇಲೆ ಅಮ್ಮನನ್ನು ಚಿಕ್ಕಬಳ್ಳಾಪುರದ ಡಾಕ್ಟರ ಬಳಿ ಕರೆದೊಯ್ದೆ.

"ಮನೇಲಿ ಯಾರಾದ್ರೂ ಬೀಡಿ ಸೇದ್ತಾರೇನಮ್ಮ?" ಎಂದರು ಡಾಕ್ಟರು.

"ಹುಳ ಸಾಕೋ ಮನೇಲಿ ಬೀಡೀನಾ ಸಾರ್?" ಅಮ್ಮನಿಗೆ ಸಿಟ್ಟೇ ಬಂದಿತ್ತು.

ಘಟಕದ ವಿಷಯ ನಾನು ಹೇಳಿದೆ. ಅವರು ಬಾಯಿಗೆ ಹೊಡೆದುಕೊಳ್ಳುವ ಪಂಪು ಬರೆದುಕೊಟ್ಟು, ಬೂದಿ ಬರದ ಕಡೆ ಇರಿಸಿ ಎಂದರು. ಅಂಥ ಜಾಗ ನಮ್ಮಲ್ಲಿ ಒಂದೇ. ಬೆಳೆ ಮುಗಿದು ಖಾಲಿಯಿದ್ದ ಹುಳುವಿನ ಕೋಣೆಯಲ್ಲಿ ಅಮ್ಮನಿಗೆ ಚಾಪೆ ಹಾಸಿದೆ. ಎಷ್ಟೋ ದಿನಗಳ ಮೇಲೆ ಅವಳು ಕಣ್ತುಂಬ ನಿದ್ದೆ ಮಾಡಿದಳು. "ನಾನೂ ಹುಳ ಆಗ್ಬಿಟ್ಟೆ ಕಣಪ್ಪ, ಹೊತ್ತೊತ್ತಿಗೆ ಮೇವು ಹಾಕ್ತೀರ" ಎಂದು ನಕ್ಕಳು. ಆ ನಗು ನೆನೆದರೆ ಇಂದಿಗೂ ಹೊಟ್ಟೆ ತಣ್ಣಗಾಗುತ್ತದೆ.

ಮೂರು ವಾರಕ್ಕೆ ಹೊಸ ಮರಿಹುಳುಗಳು ಬಂದವು. ಅಮ್ಮ ತಾನೇ ಚಾಪೆ ಸುತ್ತಿಕೊಂಡು ಜಗುಲಿಗೆ ಹೊರಟಳು.

"ಇಲ್ಲೇ ಇರಮ್ಮ" ಎಂದೆ, ಒಂದೇ ಒಂದು ಸಲ.

"ಈ ಪಂಪಿನ ವಾಸನೆ ಅವಕ್ಕೆ ಆಗಲ್ಲ ಕಣಪ್ಪ. ಬೆಳೆ ಆಗ್ಲಿ, ಬರ್ತೀನಿ."

ಅಪ್ಪ ಸೊಪ್ಪು ಕೊಯ್ಯಲು ಹೋದ. ನಾನೂ ಅವನ ಹಿಂದೆ ಹೋದೆ. ಚಾಪೆ ಕಿತ್ತುಕೊಳ್ಳಬಹುದಿತ್ತು. ಹುಳು ಮೇವು ಬಿಟ್ಟಾಗ ಒಂದು ದಿನವೂ ಕಾಯದ ನಾವು, ಜಗುಲಿಯಲ್ಲಿ ಉಬ್ಬಸ ಮರುಕಳಿಸಿ ಅಮ್ಮ ಊಟ ಬಿಟ್ಟಾಗ ಬೆಳೆ ಮುಗಿಯಲೆಂದು ಕಾದೆವು.

ಗೂಡು ಚೆನ್ನಾಗಿಯೇ ಬಂತು. ಬಿಡಿಸುವ ಹೊತ್ತಿಗೆ ಅಮ್ಮ ಇರಲಿಲ್ಲ.