ಮೂರನೇ ಮಹಡಿಯ ಕೊಟ್ರಮ್ಮ

ನಿನ್ನೆ ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ಖಾನಾವಳಿಯೊಂದರ ಮುಂದೆ ಹಾಯ್ದು ಬರುವಾಗ ಹಂಚಿನ ಮೇಲೆ ಜೋಳದ ಹಿಟ್ಟು ಸೀದ ವಾಸನೆ ಮೂಗಿಗೆ ಬಡಿಯಿತು. ನಿಮಗೂ ಹೀಗಾಗಿರಬಹುದು, ಒಂದು ವಾಸನೆ ಇದ್ದಲ್ಲೇ ನಿಲ್ಲಿಸಿಬಿಡುತ್ತದೆ. ಹೆಂಡತಿ ಹೇಳಿದ್ದ ಸಾಮಾನು ಮರೆತೇಹೋಯಿತು. ಕೊಟ್ರಮ್ಮನ ನೆನಪಾಯಿತು.

ಮದುವೆಗೆ ಮುಂಚೆ ನಾನು ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಬಾಡಿಗೆಗಿದ್ದೆ. ಎದುರಿಗೇ ಅವರ ತಗಡಿನ ಮನೆ. ಮನೆಯೆಂದರೆ ಒಂದು ಖೋಲಿ, ಮುಂದೊಂದು ಕಟ್ಟೆ, ಕಟ್ಟೆಯ ಮೇಲೆ ಒಲೆ. ಗಂಡ ತೀರಿಕೊಂಡ ಮೇಲೆ ಆ ಒಲೆಯಿಂದಲೇ ಮಗಳನ್ನು ಓದಿಸಿ ದೂರದ ಊರಿಗೆ ಮದುವೆ ಮಾಡಿಕೊಟ್ಟವರು. ಹಮಾಲರು, ಲಾರಿಯವರು, ಅಡುಗೆ ಬಾರದ ನನ್ನಂಥ ಸೋಮಾರಿಗಳು ಕಟ್ಟೆಯ ಸುತ್ತ ಕೂತು ಬಿಸಿ ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದೆವು. ಒಮ್ಮೆ ನಾನೇ ರೊಟ್ಟಿ ಬಡಿಯಲು ಕೂತೆ. ಅದು ಯಾವುದೋ ದೇಶದ ಭೂಪಟವಾಯಿತು. "ನೀವು ಬರಕೊಂತ ಇರ್ರಿ ಸರ, ಅದ ನಿಮಗ ಚಂದ" ಎಂದು ಹಿಟ್ಟು ಕಸಿದುಕೊಂಡರು.

ಬರೆಯುವುದೆಂದರೆ ನನ್ನದು ಅನುವಾದದ ಕೂಲಿ. ಇಂಗ್ಲಿಷಿನ ವರದಿಗಳನ್ನು ಕನ್ನಡಕ್ಕೆ ತಿರುಗಿಸಿ ಕಳಿಸುವುದು.

ಓಣಿಯನ್ನು ತೆರವು ಮಾಡಿ ಸರಕಾರದವರು ಎಲ್ಲರಿಗೂ ಊರಾಚೆ ಪಕ್ಕಾ ಮನೆ ಕೊಡುತ್ತಾರೆಂದು ಸುದ್ದಿ ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ನಾನು. ಆ ತಗಡು ಸೋರುವುದನ್ನು ಕಂಡಿದ್ದೆನಲ್ಲ. ಕೊಟ್ರಮ್ಮನೂ ಹಿಗ್ಗಿದರು.

ಸಿಕ್ಕಿದ್ದು ಕೂಡ್ಲಿಗಿ ರಸ್ತೆಯ ಹೊಲಗಳ ನಡುವೆ ನಿಂತ ಕಟ್ಟಡದ ಮೂರನೇ ಮಹಡಿ. ನಳ, ಶೌಚಾಲಯ, ಟೈಲ್ಸು, ಎಲ್ಲ ಇದ್ದವು. ಕಟ್ಟಿಗೆ ಒಲೆ ಹಚ್ಚುವಂತಿರಲಿಲ್ಲ. ಗ್ಯಾಸಿನ ಮೇಲೆ ಸುಟ್ಟರೂ ಅಷ್ಟು ದೂರ ಬಂದು, ಮೆಟ್ಟಿಲು ಹತ್ತಿ ತಿನ್ನುವವರು ಯಾರು? ಬುಟ್ಟಿ ಹೊತ್ತು ಆಟೋದಲ್ಲಿ ಮಾರ್ಕೆಟ್ಟಿಗೆ ಬರತೊಡಗಿದರು. ರೊಟ್ಟಿ ಆರಿ ಹೋಗಿರುತ್ತಿತ್ತು. ಕೊನೆಗೆ ಮೊಣಕಾಲು ಸೋತವು, ವ್ಯಾಪಾರ ನಿಂತಿತು.

ಆದರೂ ಯಾರನ್ನೂ ಬೈಯಲಿಲ್ಲ. "ದೊಡ್ಡ ದೊಡ್ಡ ಊರಾಗ ಕುಂತು ಪ್ಲಾನ್ ಮಾಡ್ತಾರ. ನಾವು ಹೆಂಗ ಬದುಕ್ತೀವಿ ಅಂತ ಪಾಪ ಅವ್ರಿಗೇನ ಗೊತ್ತಿರತೈತಿ? ಯಾರರ ತಿಳಿಸಿ ಹೇಳಿದ್ರ ಸರಿ ಮಾಡ್ತಾರ" ಎನ್ನುತ್ತಿದ್ದರು. ಮಾರ್ಕೆಟ್ಟಿನಲ್ಲಿ ಒಲೆ ಹೂಡಲು ಒಂದು ಮೂಲೆ ಕೊಡಿ ಎಂದು ಕೇಳಲು, ನೋಯುವ ಕಾಲಲ್ಲೇ ಇಳಿದು ಪಟ್ಟಣ ಪಂಚಾಯಿತಿ ಕಚೇರಿಗೆ ಹೋಗಿ ಬರುತ್ತಿದ್ದರು.

ಅಷ್ಟರಲ್ಲಿ ನನಗೊಂದು ಅನುವಾದ ಬಂತು. ಬಡವರ ಕೈಗೆಟಕುವ, ಪರಿಸರಕ್ಕೆ ಹೊರೆಯಾಗದ, ಬಹುಕಾಲ ಬಾಳುವ ವಸತಿಯ ಬಗ್ಗೆ ಹಲವು ದೇಶಗಳು ಕೂಡಿ ಒಪ್ಪಿಕೊಂಡ ನೀತಿ. ಮನೆ ದುಡಿಮೆಯ ಜಾಗಕ್ಕೆ ಹತ್ತಿರವಿರಬೇಕು, ಇರುವವರನ್ನು ಕೇಳಿಯೇ ಕಟ್ಟಬೇಕು ಎಂದು ಅದರಲ್ಲಿತ್ತು. ಕೊಟ್ರಮ್ಮನ ಮಾತನ್ನೇ ಯಾರೋ ಬರೆದುಕೊಂಡಂತೆ. ಕಚೇರಿಯಲ್ಲಿ ತೋರಿಸಲು ಆದೀತೆಂದು, ಅದೇ ಸಂಜೆ ಹೋಗಿ ಓದಿ ಹೇಳಿದೆ.

ಓದಿ ಮುಗಿಸಿದ ಮೇಲೆ ಕೊಟ್ರಮ್ಮ ಕೇಳಿದರು.

"ಇದನ್ನ ಯಾವಾಗ ಬರದಾರ?"

"ಇಂಥಾ ಮಾತು ಮೊದಲಿಂದ ಬರಕೊಂತ ಬಂದಾರಕ್ಕ. ಈ ಬಿಲ್ಡಿಂಗ್ ಕಟ್ಟೂಕಿಂತ ಮುಂಚಿಂದ."

"ನಮ್ಮ ಸರಕಾರದಾರೂ ಒಪ್ಯಾರ?"

"ಒಪ್ಯಾರ."

"ಹಂಗಾರ ಅವ್ರಿಗೆ ಗೊತ್ತಿತ್ತು."

ನಾನು ಹಾಳೆಗಳನ್ನು ಮಡಚಿದೆ. "ಗೊತ್ತಿಲ್ಲ ಅಂತ ತಿಳಕೊಂಡಿದ್ದೆ ಸರ ನಾನು" ಎಂದು ಗೋಡೆಗೊರಗಿ ಕೂತರು. ಆಮೇಲೆ ಅವರು ಕಚೇರಿಗೆ ಹೋಗಲಿಲ್ಲ. ರೊಟ್ಟಿ ಹಂಚನ್ನು ಗುಜರಿಯವನಿಗೆ ಕೊಟ್ಟರೆಂದು ಯಾರೋ ಹೇಳಿದರು.

ನಿನ್ನೆ ಖಾನಾವಳಿಯ ಮುಂದಿನಿಂದ ನೇರ ಅಲ್ಲಿಗೇ ಹೋದೆ. ಬಾಗಿಲು ತೆರೆದಿತ್ತು. ಬಿಸಿಲಿಗೆ ಕಾದ ಗೋಡೆಗಳ ನಡುವೆ ಬರಿ ನೆಲದ ಮೇಲೆ ಮಲಗಿದ್ದರು. ಕೆಳಗಿಳಿದು ಎಷ್ಟು ದಿನವಾಯಿತೆಂದು ಅವರಿಗೇ ನೆನಪಿರಲಿಲ್ಲ. ಊಟಕ್ಕೇನು ಎಂದೆ.

"ಬಾಜು ಮನಿಯಾಕಿ ಒಂದೀಟು ಅನ್ನ ಕೊಡ್ತಾಳ." ನನ್ನ ಕಡೆ ನೋಡಿ ಕೇಳಿದರು, "ಮನಿ ಬಗ್ಗೆ ಇನ್ನೂ ಬರೀತಾರೇನ್ರಿ ಅವ್ರು?"

"ಬರೀತಾರಕ್ಕ."

"ಚಲೋ ಬರೀತಾರ?"

"ಚಲೋನ ಬರೀತಾರ."

ಅವರು ಮಗ್ಗಲು ಬದಲಿಸಿ ಗೋಡೆಯ ಕಡೆ ಮುಖ ಮಾಡಿದರು. ಬರುತ್ತೇನೆಂದು ಹೇಳಿ ಎದ್ದೆ. ಅವರು ತಿರುಗಲಿಲ್ಲ.

ಇವತ್ತು ಬೆಳಿಗ್ಗೆ ವಸತಿಯ ಬಗ್ಗೆಯೇ ಮತ್ತೊಂದು ನೀತಿ ಅನುವಾದಕ್ಕೆ ಬಂದಿದೆ. ಎರಡು ಸಲ ಓದಿದೆ. ಒಂದೊಂದು ಸಾಲೂ ಸರಿಯಾಗಿದೆ. ಅದಕ್ಕೇ ಇರಬೇಕು, ಒಂದು ಸಾಲನ್ನೂ ನನಗೆ ಕನ್ನಡಕ್ಕೆ ತರಲು ಆಗುತ್ತಿಲ್ಲ.