ನೆಲ ಬಿಡದ ಹಿಮ್ಮಡಿ

ಮೊದಲು ನೋವು ಬಂದದ್ದು ಎಡ ತೊಡೆಸಂದಿನಲ್ಲಿ. ಹುಬ್ಬಳ್ಳಿಯ ರಿಹರ್ಸಲ್ ಹಾಲಿನಲ್ಲಿ ಕುಕ್ಕರಗಾಲಲ್ಲಿ ಕೂತವಳು ಏಳಲು ಹೋದೆ. ಆಗಲಿಲ್ಲ. ನನ್ನ ಹುಡುಗಿಯರು ಅದೂ ಒಂದು ಸ್ಟೆಪ್ ಅಂದುಕೊಂಡು ಹಾಗೇ ಕೂತರು.

ನಾನು ಕಂಟೆಂಪರರಿ ಡಾನ್ಸ್ ಕೊರಿಯೋಗ್ರಾಫರ್. ಅಣ್ಣಿಗೇರಿ ಬಾಜುವಿನ ಹಳ್ಳಿಯವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಆಗ ಕಟ್ಟುತ್ತಿದ್ದ ನೃತ್ಯದ ಹೆಸರು 'ಕಳೆ'. ಮೆಣಸಿನಕಾಯಿ ಹೊಲದಲ್ಲಿ ಅವ್ವ ಕಳೆ ತೆಗೆಯುತ್ತ ಕೂತಲ್ಲೇ ಸಾಲುಗುಂಟ ಸರಿಯುತ್ತಿದ್ದಳಲ್ಲ, ಆ ಸರಿಯುವಿಕೆಯೇ ನೃತ್ಯ. ನಾನೇ ಕುಣಿಯುವುದಿತ್ತು. ಹೇಳಿದಾಗ ಅವ್ವನ ಮುಖ ಕಪ್ಪಿಟ್ಟಿತು.

"ಹೊಲದಾಗ ಕುಂದರಬಾರ್ದಂತ ನಿನ್ನ ಕಾಲೇಜಿಗೆ ಕಳಿಸಿದ್ನಿ. ಈಗ ಮಂದಿ ಮುಂದ ಅದನ್ನ ಮಾಡ್ತಿಯೇನಬೇ?"

ಎಂ.ಆರ್.ಐ. ಆಯಿತು. ಡಾಕ್ಟರು ಫಿಲ್ಮ್ ನೋಡುತ್ತಲೇ ಹೇಳಿದರು: "ಅವ್ಯಾಸ್ಕುಲರ್ ನೆಕ್ರೋಸಿಸ್. ತೊಡಿ ಎಲುಬಿನ ತಲಿಗೆ ರಕ್ತ ಹೋಗವಲ್ದು. ಹಿಪ್ ರಿಪ್ಲೇಸ್‌ಮೆಂಟ್ ಮಾಡಬೇಕಾಗ್ತದ."

"ಆಮ್ಯಾಲೆ ಕುಣೀಬಹುದೇನ್ರಿ?"

"ನಡೀತೀರಿ. ನೆಲದ ಮ್ಯಾಲೆ ಕೂಡಬ್ಯಾಡ್ರಿ. ಕುಕ್ಕರಗಾಲಂತೂ ಬ್ಯಾಡೇ ಬ್ಯಾಡ."

ಎಲುಬು ಸತ್ತಿತ್ತು.

ನೋಡಲು ಬಂದ ಕಾಕಾ ಬಾಳೆಹಣ್ಣು ಇಟ್ಟು, "ಕುಣದು ಕುಣದು ಸವಸಿಬಿಟ್ಟಿಯಲ್ಲವಾ" ಅಂದ. ಇದು ಕುಣಿತದಿಂದ ಬಂದದ್ದಲ್ಲ ಅಂತ ಡಾಕ್ಟರು ಹೇಳಿದ್ದರು. ಯಾಕೆ ಬಂತೆಂದು ಅವರಿಗೂ ಗೊತ್ತಿರಲಿಲ್ಲ. ಕಾಕಾನಿಗೆ ಗೊತ್ತಿತ್ತು.

ಆಪರೇಷನ್ ಆಯಿತು. ವಾಕರ್, ಆಮೇಲೆ ಕೋಲು. ಕಮೋಡ್ ಮೇಲೆ ಕೂರಿಸುವಾಗ ಅವ್ವ ನನ್ನ ಎರಡೂ ತೋಳು ಹಿಡಿದಿರುತ್ತಿದ್ದಳು. ಒಮ್ಮೆಯೂ ಬೇಸರ ಮಾಡಲಿಲ್ಲ. ಒಮ್ಮೆಯೂ 'ಕಳೆ' ಏನಾಯಿತೆಂದು ಕೇಳಲೂ ಇಲ್ಲ.

'ಕಳೆ'ಯನ್ನು ಶಿಷ್ಯೆ ರೇಷ್ಮಾಳಿಗೆ ಕೊಟ್ಟೆ. ಕೊಟ್ಟೆ ಅನ್ನುವುದು ದೊಡ್ಡ ಮಾತು, ಕಿತ್ತುಕೊಂಡರು ಅನ್ನಿಸುತ್ತಿತ್ತು. ಕುರ್ಚಿಯೇ ಇಲ್ಲದ ಹಾಲಿಗೆ ನನಗೋಸ್ಕರ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ರೇಷ್ಮಾ ಕೂತರೆ ಹಿಮ್ಮಡಿ ಮೇಲೇಳುತ್ತಿತ್ತು. ಇಷ್ಟು ವರ್ಷ ಮಾಡಿ ತೋರಿಸಿ ಕಲಿಸಿದವಳು ನಾನು. ಈಗ ಬರೀ ಬಾಯಿ.

"ಹಿಮ್ಮಡ ಊರಲೇ! ಹಿಂಗ ಕುಂತ್ರ ಹೊಲ ಅಲ್ಲ, ಬಸ್‌ಸ್ಟ್ಯಾಂಡ್ ಕಾಣತದ."

"ಹೆಂಗ ಊರೂದು ಹೇಳ್ರಿ ಮ್ಯಾಡಮ್. ಸುಮ್ನ ಬೈಬ್ಯಾಡ್ರಿ."

ಹೇಗೆ? ಯಾರಿಗೂ ಬಾಯಲ್ಲಿ ಹೇಳಿಕೊಟ್ಟು ನನಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ಹೊಲ ನೆನೆದೆ. "ಮುಂದಿನ ಗಿಡದ ಬುಡಕ್ಕ ಕೈ ಚಾಚು. ಈಗ ಕುಂಡಿ ಹಿಂದಕ್ಕ ಬಿಡು. ಬೀಳೂದಿಲ್ಲ." ಅವಳ ಹಿಮ್ಮಡಿ ಮೆಲ್ಲಗೆ ನೆಲಕ್ಕಿಳಿಯಿತು.

ಧಾರವಾಡದಲ್ಲಿ ಪ್ರದರ್ಶನ. ನನ್ನನ್ನು ಹಿಡಿದು ಕರೆತರಲು ಬೇರೆ ಯಾರೂ ಇರಲಿಲ್ಲವೆಂದು ಅವ್ವ ಬಂದಳು. ರೇಷ್ಮಾ ಚೆನ್ನಾಗಿ ಕುಣಿದಳು. ನನಗಿಂತ ಚೆನ್ನಾಗಿ ಅಂತ ಬರೆಯಲಾರೆ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಕೋಲು ಸೀಟಿನ ಕೆಳಗೆ ಉರುಳಿಹೋಗಿತ್ತು. ನಾನು ಅಷ್ಟು ಬಾಗುವಂತಿಲ್ಲ.

ಅವ್ವ ಸೀಟುಗಳ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಕೈಯಾಡಿಸಿದಳು. ಎರಡೂ ಹಿಮ್ಮಡಿ ನೆಲಕ್ಕೆ ಅಂಟಿದ್ದವು. ಹೆತ್ತವಳ ಸೊಂಟ ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

"ಹಿಡಿ," ಎಂದು ಕೋಲು ಕೊಟ್ಟಳು. "ಏಳು. ಚಪ್ಪಾಳಿ ನಿನಗೂ ಹೊಡ್ಯಾಕತ್ತಾರ."

ಏಳಲು ಹೊತ್ತು ಹಿಡಿಯಿತು. ಅವಳು ತೋಳು ಹಿಡಿಯಲಿಲ್ಲ. ಅವಳ ಎರಡೂ ಕೈ ಚಪ್ಪಾಳೆಯಲ್ಲಿದ್ದವು.