ಏಳನೆಯವಳ ಅಪ್ಪ ಬಂದ ದಿನ

ನಮ್ಮ ಕಡೆ ಪಿಎಚ್.ಡಿ.ಯ ಕೊನೆಯ ಮೌಖಿಕ ಪರೀಕ್ಷೆ, ಅಂದರೆ ವೈವಾ, ಬಹಿರಂಗವಾಗಿ ನಡೆಯುತ್ತದೆ. ದಿನ, ಹೊತ್ತು ಬರೆದ ನೋಟೀಸನ್ನು ಕಾಲೇಜಿನ ಫಲಕಕ್ಕೆ ಅಂಟಿಸಿ, ಕೆಳಗೆ 'ಆಸಕ್ತರೆಲ್ಲರಿಗೂ ಸ್ವಾಗತ' ಎಂದು ಒಂದು ಸಾಲು ಸೇರಿಸುತ್ತಾರೆ. ಆ ಸಾಲನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಕುರ್ಚಿ ತುಂಬಲೆಂದು ಮೊದಲ ವರ್ಷದ ಹುಡುಗಿಯರನ್ನು ಹಿಡಿದು ತಂದು ಕೂರಿಸಿ, ಹಾಜರಿ ಹಾಕಿಸಿ, ಕೊನೆಗೆ ವಡೆ, ಟೀ ಕೊಟ್ಟು ಕಳಿಸುವುದು ವಾಡಿಕೆ. ಆದರೆ ನನ್ನ ಅತ್ತೆ ಆ ಸಾಲನ್ನು ಅಕ್ಷರಶಃ ನಂಬಿಬಿಟ್ಟರು. ಮಗನಿಂದ ನೋಟೀಸು ಓದಿಸಿಕೊಂಡದ್ದೇ ತಡ, ಸುತ್ತಲಿನ ಹಟ್ಟಿಗಳಿಗೆಲ್ಲ ಫೋನು ಮಾಡಿ, ಸೊಸೆಗೆ ಡಾಕ್ಟರ್ ಪಟ್ಟ ಕಟ್ಟುತ್ತಾರೆ, ಬನ್ನಿ ಎಂದು ಕರೆದರು. ಹಟ್ಟಿ ಎಂದರೆ ನಮ್ಮ ಬಡಗರ ಊರು. ಒಂದು ಮನೆಯ ಕಾರ್ಯಕ್ಕೆ ಹಟ್ಟಿಗೆ ಹಟ್ಟಿಯೇ ಹೊರಡುವುದು ನಮ್ಮಲ್ಲಿ ರೂಢಿ. ಮದುವೆಗೆ ಹೇಗೋ ಸಾವಿಗೆ ಹೇಗೋ, ವೈವಾಗೂ ಹಾಗೇ ಹೊರಟರು.

ಊಟಿಯ ಒಂದು ಬಿ.ಎಡ್. ಕಾಲೇಜಿನಲ್ಲಿ ಪಾಠ ಮಾಡುವವಳು ನಾನು. ಮನೆಯಲ್ಲಿ ಬಡಗ ಮಾತು, ಪೇಟೆಯಲ್ಲಿ ತಮಿಳು, ಇಂಥದ್ದನ್ನು ಬರೆಯಲು ಮೈಸೂರಿನಲ್ಲಿ ಎಂ.ಎ. ಓದುವಾಗ ಕೈಗೆ ಹತ್ತಿದ ಕನ್ನಡ. ನಲವತ್ತು ದಾಟಿದ ಮೇಲೆ ಸಂಶೋಧನೆಗೆ ಕೈಹಾಕಿದೆ. ಈ ಬೆಟ್ಟದ ಹೆಣ್ಣುಮಕ್ಕಳು ಕಷ್ಟಪಟ್ಟು ಸ್ನಾತಕೋತ್ತರ ವೃತ್ತಿ ಶಿಕ್ಷಣಕ್ಕೆ ಸೇರುತ್ತಾರಲ್ಲ, ಎಂ.ಎಡ್., ಎಂ.ಎಸ್ಸಿ. ನರ್ಸಿಂಗ್, ಎಂ.ಫಾರ್ಮ್ ಅಂತ, ಅವರಲ್ಲಿ ಕೆಲವರು ನಡುವೆಯೇ ಏಕೆ ಬಿಡುತ್ತಾರೆ ಎನ್ನುವುದು ನನ್ನ ವಿಷಯ. ಅದಕ್ಕಾಗಿ ಕಲ್ಲಟ್ಟಿ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಮಾವನಲ್ಲಕ್ಕೆ ಇಳಿದಿದ್ದೇನೆ, ನಡುವಟ್ಟದ ಮಂಜಿನಲ್ಲಿ ಬಸ್ಸಿಗೆ ಕಾದು ನಡುಗಿದ್ದೇನೆ. ಯಾರ ಮನೆಗೆ ಹೋದರೂ ಕಾರಣ ಒಂದೇ: ಮನೆ ಕಷ್ಟ. ಎರಡನೆಯ ಸಲ, ಮೂರನೆಯ ಸಲ ಹೋಗಿ, ಒಲೆಯ ಮುಂದೆ ಅವರ ಜೊತೆ ಅವರೆ ಸುಲಿಯುತ್ತ ಕೂತಾಗ ಬೇರೆ ಕಾರಣಗಳು ಹೊರಗೆ ಬರುತ್ತಿದ್ದವು.

ಹಾಗೆ ಬಾಯಿ ಬಿಟ್ಟವರಲ್ಲಿ ಒಬ್ಬಳನ್ನು ಪ್ರಬಂಧದಲ್ಲಿ ಹೆಸರಿನ ಬದಲು ಏಳನೆಯ ಭಾಗಿ ಎಂದು ಕರೆದಿದ್ದೇನೆ. ಇಲ್ಲಿಯೂ ಏಳನೆಯವಳೇ ಆಗಿರಲಿ. ನಮ್ಮ ಪಕ್ಕದ ಹಟ್ಟಿಯವಳು, ಎಂ.ಎಸ್ಸಿ. ನರ್ಸಿಂಗಿನ ಎರಡನೆಯ ವರ್ಷ ಬಿಟ್ಟು ಬಂದವಳು. ಈಗ ಕುನ್ನೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳು ಬಿಟ್ಟದ್ದು ಏಕೆಂದು ಸುತ್ತಮುತ್ತ ಎಲ್ಲರಿಗೂ ಗೊತ್ತು. ಮಳೆ ಬಿದ್ದ ಮಾರನೆಯ ದಿನ ಅವಳ ಅಪ್ಪ ಟೀ ತೋಟದ ಇಳಿಜಾರಿನಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡರು. ಅವರನ್ನು ನೋಡಿಕೊಳ್ಳಲು ಬಂದ ಮಗಳು ಮತ್ತೆ ಹಾಸ್ಟೆಲಿಗೆ ಹೋಗಲೇ ಇಲ್ಲ. ಯಾವ ಮದುವೆಯಲ್ಲಿ, ಯಾವ ತಿಥಿಯಲ್ಲಿ ಕಂಡರೂ ಆ ಅಪ್ಪ ನಾಲ್ಕು ಜನರ ನಡುವೆ ಅದನ್ನೇ ಹೇಳುತ್ತಿದ್ದರು: "ಎನಗಾಗಿ ಪಡಿಪ್ಪನ್ನೇ ಬಿಟ್ಟಳು ಎನ್ನ ಕೂಸು." ಕೇಳಿದವರು ಅಪ್ಪನಿಗಾಗಿ ಓದನ್ನೇ ಬಿಟ್ಟಳಲ್ಲ, ಮಗಳೆಂದರೆ ಹೀಗಿರಬೇಕು ಎಂದು ಹೊಗಳುವರು. ಮುದುಕರಿಗೆ ಎಷ್ಟು ಪೆರುಮೆ, ಎಷ್ಟು ಹೆಮ್ಮೆ ನೋಡಿ ಎಂದು ನಾನೂ ಅಂದುಕೊಂಡಿದ್ದೆ.

ಏಳನೆಯವಳು ನನಗೆ ಹೇಳಿದ ಕಥೆ ಬೇರೆ. ಎಂ.ಎಸ್ಸಿ. ಮುಗಿಸಿದರೆ ಕಲಿಸುವ ಕೆಲಸ ಸಿಗುತ್ತದೆ, ಇನ್ನು ವಾರ್ಡಿನಲ್ಲಿ ಕಾಲು ನೋಯಿಸಿಕೊಳ್ಳಬೇಕಿಲ್ಲ ಎಂದು ಅಲ್ಲಿ ಎಲ್ಲರೂ ಆಸೆ ತೋರಿಸುತ್ತಿದ್ದರಂತೆ. ಅವಳಿಗೆ ಬೇಕಾಗಿದ್ದುದೇ ವಾರ್ಡು. ಪಾಠ ಮಾಡಲು ಬೋರ್ಡಿನ ಮುಂದೆ ಚಾರ್ಟು ಹಿಡಿದು ನಿಂತಾಗಲೆಲ್ಲ ತಾನು ತಪ್ಪು ಬಸ್ಸು ಹತ್ತಿದ ಹಾಗೆ ಅನಿಸುತ್ತಿತ್ತಂತೆ. ಓದು ಬಿಡುತ್ತೇನೆ ಎಂದು ಹಾಸ್ಟೆಲಿನ ವಾರ್ಡನ್‌ಗೆ ಹೇಳಿಯೂ ಆಗಿತ್ತು. ಅಪ್ಪನಿಗೆ ಹೇಗೆ ಹೇಳಲಿ ಎಂದು ಒದ್ದಾಡುತ್ತಿದ್ದ ವಾರದಲ್ಲೇ ಅಪ್ಪ ಬಿದ್ದರು. ಹೇಳುವ ಕೆಲಸ ತಪ್ಪಿತು. ಇದನ್ನು ಬರೆದುಕೋ, ಆದರೆ ಅಪ್ಪನ ಕಿವಿಗೆ ಬೀಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಳು. ಮಗಳು ನನಗಾಗಿ ಓದು ಬಿಟ್ಟಳು ಎನ್ನುವುದೊಂದೇ ಈಗ ಅವರ ಹತ್ತಿರ ಉಳಿದಿರುವುದು, ಅದನ್ನೂ ನಾನು ಕಿತ್ತುಕೊಂಡರೆ ಹೇಗೆ ಎಂದು ಅತ್ತಳು. ನಾನು ಮಾತು ಕೊಟ್ಟೆ. ಹೆಸರು ಬಿಟ್ಟು, ಹಟ್ಟಿ ಬದಲಿಸಿ ಬರೆದೆ. ಹೇಗೂ ಇಂಗ್ಲಿಷ್ ಪ್ರಬಂಧ, ಲೈಬ್ರರಿಯ ಕಪಾಟು ಸೇರುವಂಥದ್ದು, ಯಾರು ಓದುತ್ತಾರೆ ಎಂದು ಇಬ್ಬರೂ ನೆಮ್ಮದಿಯಾಗಿದ್ದೆವು.

ಪರೀಕ್ಷೆಯ ಬೆಳಿಗ್ಗೆ ಕಾಲೇಜಿನ ಮುಂದೆ ವ್ಯಾನು ಬಂದು ನಿಂತಿತು. ಬಿಳಿ ಬಟ್ಟೆ ಹೊದ್ದ ಅಜ್ಜಿಯರು, ಪೇಟ ಸುತ್ತಿದ ಅಜ್ಜಂದಿರು ಒಬ್ಬೊಬ್ಬರಾಗಿ ಇಳಿದರು. ಎಲ್ಲರ ಕೊನೆಗೆ ಊರುಗೋಲು ಇಳಿಯಿತು, ಅದರ ಹಿಂದೆ ಏಳನೆಯವಳ ಅಪ್ಪ. ಅವಳೂ ರಜೆ ಹಾಕಿ ಜೊತೆಯಲ್ಲೇ ಬಂದಿದ್ದಳು. ಬೇಡವೆಂದರೂ ಅಪ್ಪ ಕೇಳಲಿಲ್ಲವಂತೆ. ಎಲ್ಲವೂ ಇಂಗ್ಲಿಷಿನಲ್ಲೇ ತಾನೆ ಎಂದು ಕಿವಿಯಲ್ಲಿ ಕೇಳಿದಳು. ಒಂದು ಅಕ್ಷರವೂ ಅವರಿಗೆ ತಿಳಿಯುವುದಿಲ್ಲ, ಸುಮ್ಮನೆ ಕೂತುಕೋ ಎಂದೆ.

ಸಭಾಂಗಣ ಭರ್ತಿಯಾದದ್ದು ಕಂಡು ನನ್ನ ಗೈಡ್ ಹಿಗ್ಗಿದರು. ಒಳ್ಳೆಯವರು, ಆದರೆ ಅವರ ಒಳ್ಳೆಯತನ ಬೇಡದ ಹೊತ್ತಿನಲ್ಲೇ ಉಕ್ಕುತ್ತದೆ. ಇಷ್ಟು ಜನ ಹಿರಿಯರು ಬಂದಿದ್ದಾರೆ, ಅವರಿಗೂ ತಿಳಿಯಲಿ, ತಮಿಳಿನಲ್ಲಿ ವಿವರಿಸಮ್ಮ ಎಂದುಬಿಟ್ಟರು. ಬೆಟ್ಟದ ಕೆಳಗಿನ ಬಯಲುಸೀಮೆಯಿಂದ ಬಂದು ಎರಡು ಸ್ವೆಟರ್ ಹಾಕಿಕೊಂಡು ಕೂತಿದ್ದ ಪರೀಕ್ಷಕಿಯೂ ತಲೆಯಾಡಿಸಿದರು. ನಮ್ಮವರಿಗೆ ತಮಿಳು ನೀರು ಕುಡಿದಷ್ಟು ಸಲೀಸು. ನನಗೆ ಗೈಡ್ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆಯದಿರುವುದೇ ಮರ್ಯಾದೆ.

ಮಾತಾಡಲು ಶುರು ಮಾಡಿದೆ. ಏಳನೆಯವಳ ಸ್ಲೈಡು ಬಂದಾಗ ಬೆರಳು ಜಾರಿದವಳಂತೆ ಮುಂದಕ್ಕೆ ಒತ್ತಿಬಿಟ್ಟೆ. ಮುಗಿದ ಮೇಲೆ ಪರೀಕ್ಷಕಿ ಕನ್ನಡಕ ಸರಿಮಾಡಿಕೊಂಡು, ಒಂದು ಸ್ಲೈಡು ಬಿಟ್ಟಿರಿ, ಪ್ರಬಂಧದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಅಧ್ಯಾಯವೇ ಅದು ಎಂದರು. ರೋಗಿಯ ಹಾಸಿಗೆಯ ಪಕ್ಕದ ಕೆಲಸ ಬಿಟ್ಟು ಮೇಲೇರುವುದೇ ಮುನ್ನಡೆ ಎಂದು ಈ ತರಬೇತಿಗಳು ಕಲಿಸುತ್ತವೆ, ಅದು ಬೇಡವಾದವರಿಗೆ ಜಾಗವೇ ಇಲ್ಲ ಎಂದು ಬರೆದಿದ್ದೀರಿ, ಅದಕ್ಕೆ ಆಧಾರ ಆ ಏಳನೆಯ ಭಾಗಿ, ಸ್ವಲ್ಪ ಬಿಡಿಸಿ ಹೇಳಿ ಎಂದರು. ಎದುರಿನ ಸಾಲಿನಲ್ಲಿ ಆ ಅಪ್ಪ ಕೋಲಿನ ಮೇಲೆ ಗಲ್ಲ ಊರಿಕೊಂಡು ಕೇಳುತ್ತಿದ್ದರು. ಕುಟುಂಬ ಹೇಳುವ ಕಾರಣಕ್ಕೂ ನಿಜವಾದ ಕಾರಣಕ್ಕೂ ಕೆಲವೊಮ್ಮೆ ವ್ಯತ್ಯಾಸ ಇರುತ್ತದೆ ಮೇಡಂ ಎಂದು ತೇಲಿಸಿದೆ. ಅವರು ಬಿಡಲಿಲ್ಲ. ಏನು ವ್ಯತ್ಯಾಸ ಎಂದು ಕೇಳಿದರು.

ಹೇಳಿದರೆ ಕೊಟ್ಟ ಮಾತು ಹೋಗುತ್ತದೆ. ಹೇಳದಿದ್ದರೆ ನನ್ನ ಕೆಲಸವೇ ನನಗೆ ಗೊತ್ತಿಲ್ಲ ಎಂದಾಗುತ್ತದೆ, ಅಷ್ಟು ವರ್ಷದ ಓಡಾಟ ನೀರಿನಲ್ಲಿ ಹೋಮ. ಕೊನೆಗೆ ಹೇಳಿದೆ: "ಅದನ್ನು ಇಲ್ಲಿ ಹೇಳಲಾರೆ ಮೇಡಂ. ಮಾತು ಕೊಟ್ಟಿದ್ದೇನೆ."

ಪರೀಕ್ಷಕಿ ತಲೆ ತಗ್ಗಿಸಿ ಏನೋ ಗೀಚಿಕೊಂಡರು. ಗೈಡ್ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಏಳನೆಯವಳು ಎದ್ದು ನಿಂತಳು.

"ಅಕ್ಕಾ, ನೀ ಎನಗಾಗಿ ಫೇಲ್ ಆಗಬೇಡ," ಎಂದವಳು ಪರೀಕ್ಷಕಿಯ ಕಡೆ ನೋಡದೆ ಅಪ್ಪನ ಕಡೆ ತಿರುಗಿ ನಮ್ಮ ಮಾತಿನಲ್ಲೇ ಎಲ್ಲವನ್ನೂ ಹೇಳಿದಳು. ಚಾರ್ಟು, ವಾರ್ಡು, ವಾರ್ಡನ್, ಹೇಳಲಾಗದೆ ಒದ್ದಾಡಿದ ವಾರ. ನಡುವೆ ಎಲ್ಲಿಯೂ ನಿಲ್ಲಿಸಲಿಲ್ಲ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು.

ಅಪ್ಪ ಕೋಲಿನ ಮೇಲಿಂದ ಗಲ್ಲ ಎತ್ತಿದರು. ಆಮೇಲೆ ಕೇಳಿದರು: "ನಾ ಬೀಳುವ ಮುಂಚೆಯೇವಾ?"

"ಮುಂಚೆಯೇ ಅಪ್ಪಾ. ನಿನಗ ಹೇಳಲು ಎನಗ ಧೈರ್ಯ ಇರಲಿಲ್ಲೆ."

"ಹಾಗೆಂದರೆ ಎನ್ನ ಕಾಲಿನಿಂದ ಅಲ್ಲ."

"ಅಲ್ಲ ಅಪ್ಪಾ."

ಅವರು ಪೇಟ ತೆಗೆದು ಅದರಲ್ಲೇ ಮುಖ ಒರೆಸಿಕೊಂಡರು. ಮಗಳಿಗೂ ನಮಗೂ ಸೇರಿಸಿ ಹೇಳಿದರು: "ಕಂಡವರಿಗೆಲ್ಲ ಹೇಳಿದೆನಲ್ಲ, ಪೆರುಮೆಗೆ ಎಂದುಕೊಂಡಿರಾ? ಎನ್ನಿಂದ ಕೂಸಿನ ಪಡಿಪ್ಪು ಹಾಳಾತು, ಒಬ್ಬರಾದರೂ ಎನ್ನ ಬೈಯಲಿ ಎಂದು ಹೇಳಿದ್ದು. ಒಬ್ಬರೂ ಬೈಯಲಿಲ್ಲೆ. ಎಲ್ಲರೂ ಹೊಗಳಿದರು."

ಎಷ್ಟು ಮದುವೆಗಳಲ್ಲಿ ಆ ಮಾತಿಗೆ ನಾನೂ ತಲೆದೂಗಿದ್ದೆ. ಬಡಗ ಮಾತು ಬಾರದ ಪರೀಕ್ಷಕಿ ಏನಾಯಿತು ಎಂದು ಕೇಳಿದರು. ಗೈಡಿಗೂ ತಿಳಿದಿರಲಿಲ್ಲ. ಏಳನೆಯವಳು ಹೇಳು ಎಂದು ಕಣ್ಣಲ್ಲೇ ಅಂದ ಮೇಲೆ ನಾನು ತಮಿಳಿನಲ್ಲಿ ಹೇಳಿದೆ. ಪರೀಕ್ಷಕಿ ಪೆನ್ನಿನ ಮುಚ್ಚಳ ಹಾಕಿ, ನನ್ನ ಪ್ರಶ್ನೆ ಮುಗಿಯಿತು ಎಂದರು. ಪದವಿಗೆ ಶಿಫಾರಸು ಮಾಡಿದ್ದೇವೆ ಎಂದು ಆಮೇಲೆ ಘೋಷಿಸಿದಾಗ ಅಜ್ಜಿಯರು ಚಪ್ಪಾಳೆ ತಟ್ಟಿದರು. ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಆದರೆ ಹೊಟ್ಟೆ ತಣ್ಣಗಾದದ್ದು ಅದಕ್ಕಿಂತ ಮುಂಚೆಯೇ, ಆ ಅಪ್ಪ ಮುಖ ಒರೆಸಿಕೊಂಡ ಹೊತ್ತಿನಲ್ಲಿ.

ಊಟಕ್ಕೆ ಕೂತಾಗ ನಾನು ಅಪ್ಪ ಮಗಳಿಬ್ಬರಿಗೂ ಬಡಿಸಲು ಹೋದೆ. ಅವಳು ಆಸ್ಪತ್ರೆಗೆ ಸೇರಿದಾಗಿನಿಂದ ಅಪ್ಪ ಅಲ್ಲಿಯ ಸುದ್ದಿ ಒಮ್ಮೆಯೂ ಕೇಳಿದವರಲ್ಲ, ಅವಳು ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರಂತೆ. ಅಂದು ಅನ್ನ ಕಲಸುತ್ತ, ತಲೆ ಎತ್ತದೆ ಕೇಳಿದರು: "ನಾಳೆ ನಿನಗ ಎಂತ ಡ್ಯೂಟಿ?"

ಬೆಳಿಗ್ಗೆಯ ಡ್ಯೂಟಿ, ಮಕ್ಕಳ ವಾರ್ಡು ಎಂದಳು. ಅಲ್ಲಿ ಎಂತ ಕೆಲಸ, ಹೇಳು ಎಂದರು. ಅವಳು ಮೊದಲಿನಿಂದ ಹೇಳತೊಡಗಿದಳು.